ಮದುವೆಯಾದವರಿಗೆ ಎರಡು ಚೀಟಿ

ಅಮೆರಿಕದ ಡೈವರ್ಸಿಟಿ ವೀಸಾ ಲಾಟರಿಯಲ್ಲಿ ಗೆದ್ದ ಹೆಣ್ಣೊಬ್ಬಳು ಸಂದರ್ಶನದಲ್ಲಿ ಸೋತು ಹೊರಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಅರ್ಜಿಯಲ್ಲಿ ಮದುವೆಯ ಕಾಲಂ ಸರಿಯಾಗಿ ತುಂಬಬೇಕಿತ್ತು, ಗಂಡನ ಹೆಸರು ಬಿಟ್ಟದ್ದು ಆಕೆಯದೇ ತಪ್ಪು, ನಿಯಮ ಎಲ್ಲರಿಗೂ ಒಂದೇ. ವಕೀಲರು ಇದನ್ನು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ಗೆದ್ದು ಹೋಗಿ ನೆಲೆಸಿದವರು ಎಲ್ಲರಿಗಿಂತ ಜೋರಾಗಿ ಹೇಳುತ್ತಾರೆ. ಈ ಮಾತು ಸುಳ್ಳು. ಮದುವೆಯ ವಿಷಯದಲ್ಲಿ ಈ ಲಾಟರಿಯ ನಿಯಮ ಎಲ್ಲರಿಗೂ ಒಂದೇ ಆಗಿಲ್ಲ, ಯಾವತ್ತೂ ಆಗಿರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚುವ ವ್ಯವಸ್ಥೆಯನ್ನು ಕಟ್ಟಿ, ಅದರಲ್ಲಿ ಸುಣ್ಣ ಬಿದ್ದವರನ್ನೇ ಅಜಾಗರೂಕರು ಎಂದು ಬೈಯುವುದು ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯ.

1990ರ ವಲಸೆ ಕಾನೂನು ಈ ಯೋಜನೆಗೆ ಜನ್ಮ ಕೊಟ್ಟಿತು. 1995ರಿಂದ ವರ್ಷಕ್ಕೆ 55,000 ವೀಸಾ ಎಂದು ನಿಗದಿಯಾಯಿತು. ಅದರಲ್ಲಿ 5,000ದವರೆಗೆ ನಿಕರಾಗುವಾ ಮತ್ತು ಮಧ್ಯ ಅಮೆರಿಕದವರಿಗಾಗಿ 1997ರಲ್ಲಿ ಬಂದ ಕಾನೂನಿಗೆ ಹೋಗುತ್ತದೆ, ಉಳಿಯುವುದು ಸುಮಾರು 50,000. ಅಮೆರಿಕಕ್ಕೆ ಕಡಿಮೆ ಜನ ವಲಸೆ ಹೋಗುವ ದೇಶಗಳಲ್ಲಿ ಹುಟ್ಟಿದವರಿಗೆ ಮಾತ್ರ ಅವಕಾಶ. ಕಾನೂನು ಕೇಳುವ ಅರ್ಹತೆ ಎರಡೇ. ಹುಟ್ಟಿದ ದೇಶ ಪಟ್ಟಿಯಲ್ಲಿರಬೇಕು; ಹನ್ನೆರಡು ವರ್ಷದ ಶಾಲಾ ಓದಿರಬೇಕು, ಇಲ್ಲವೇ ತರಬೇತಿ ಬೇಡುವ ಕಸುಬಿನಲ್ಲಿ ಎರಡು ವರ್ಷದ ಅನುಭವ ಇರಬೇಕು. ಮದುವೆಯಾಗಿರಬೇಕು ಎಂದು ಎಲ್ಲಿಯೂ ಇಲ್ಲ, ಆಗಿರಬಾರದು ಎಂದೂ ಇಲ್ಲ. 2025ರ ಸಾಲಿನ ಲಾಟರಿಗೆ 35 ದಿನಗಳಲ್ಲಿ ಬಂದ ಅರ್ಜಿಗಳು 1 ಕೋಟಿ 99 ಲಕ್ಷ. ಆಯ್ಕೆಯಾದವರು, ಅವರ ಗಂಡ, ಹೆಂಡತಿ, ಮಕ್ಕಳನ್ನೂ ಸೇರಿಸಿ, 1 ಲಕ್ಷ 31 ಸಾವಿರ. ನೂರು ಅರ್ಜಿಗೆ ಒಂದೂ ಗೆಲ್ಲದ ಲಾಟರಿ ಇದು. ಇಷ್ಟು ಕಡಿಮೆ ಅವಕಾಶಕ್ಕೆ ಇಷ್ಟು ಜನ ಕೈಚಾಚುವಾಗ ಚೀಟಿ ಎತ್ತುವವನ ಮೇಲಿರುವ ಹೊಣೆ ಒಂದೇ: ಡಬ್ಬಿಯಲ್ಲಿ ಎಲ್ಲರ ಚೀಟಿಯೂ ಸಮನಾಗಿರಬೇಕು.

ಸಮನಾಗಿಲ್ಲ. ಒಬ್ಬರಿಗೆ ವರ್ಷಕ್ಕೆ ಒಂದೇ ಅರ್ಜಿ. ಎರಡು ಹಾಕಿದರೆ ಎರಡೂ ತಿರಸ್ಕೃತ. ಆದರೆ ಗಂಡ ಒಂದು, ಹೆಂಡತಿ ಒಂದು ಹಾಕಬಹುದು. ಇಬ್ಬರಲ್ಲಿ ಯಾರ ಹೆಸರು ಬಂದರೂ ಇಬ್ಬರೂ ಹೋಗಬಹುದು, ಇಪ್ಪತ್ತೊಂದು ತುಂಬದ ಅವಿವಾಹಿತ ಮಕ್ಕಳೂ ಹೋಗಬಹುದು. ಇದು ಕಳ್ಳದಾರಿಯಲ್ಲ, ವಿದೇಶಾಂಗ ಇಲಾಖೆಯೇ ತನ್ನ ಸೂಚನೆಗಳಲ್ಲಿ ಅಚ್ಚುಹಾಕಿ ಕೊಡುವ ಸಲಹೆ. ಲೆಕ್ಕ ಸರಳ. ಒಂಟಿ ಹೆಣ್ಣೊಬ್ಬಳು ಮೂವತ್ತು ವರ್ಷ ಬಿಡದೆ ಅರ್ಜಿ ಹಾಕಿ ಪಡೆಯುವಷ್ಟು ಅವಕಾಶವನ್ನು ಆಕೆಯ ಊರಿನ ದಂಪತಿ ಹದಿನೈದು ವರ್ಷದಲ್ಲಿ ಪಡೆಯುತ್ತಾರೆ. ಆಕೆಯ ಓದು ಕಡಿಮೆಯಲ್ಲ, ದುಡಿಮೆ ಕಡಿಮೆಯಲ್ಲ, ಹುಟ್ಟಿದ ದೇಶ ಬೇರೆಯಲ್ಲ. ಆಕೆಗೆ ಮದುವೆಯಾಗಿಲ್ಲ, ಅಷ್ಟೇ. ಸಾಲದ್ದಕ್ಕೆ ಗೆದ್ದವರ ಜೊತೆಗೆ ಹೋಗುವ ಪ್ರತಿ ಸಂಗಾತಿ, ಪ್ರತಿ ಮಗುವಿನ ವೀಸಾ ಕೂಡ ಅದೇ 50,000ದಿಂದಲೇ ಕಳೆಯುತ್ತದೆ. ನಾಲ್ವರ ಕುಟುಂಬ ಎರಡು ಚೀಟಿ ಹಾಕಿ ನಾಲ್ಕು ವೀಸಾ ಒಯ್ಯುತ್ತದೆ. ಆಕೆ ಒಂದು ಚೀಟಿ ಹಾಕಿ ಒಂದಕ್ಕಾಗಿ ಕಾಯುತ್ತಾಳೆ.

ಇದಕ್ಕೆ ಸಿಗುವ ಉತ್ತರ ಗೊತ್ತಿರುವುದೇ: ಗಂಡ ಹೆಂಡತಿ ಇಬ್ಬರು ಸ್ವತಂತ್ರ ವ್ಯಕ್ತಿಗಳು, ಇಬ್ಬರಿಗೂ ಅರ್ಜಿ ಹಾಕುವ ಹಕ್ಕಿದೆ, ಗೆದ್ದವರ ಕುಟುಂಬವನ್ನು ಒಡೆಯಬಾರದು. ಎರಡೂ ಮಾತು ಬಿಡಿಬಿಡಿಯಾಗಿ ಸರಿ. ಒಟ್ಟಿಗೆ ಹೇಳಿದಾಗ ಮೋಸ. ಇಬ್ಬರೂ ಸ್ವತಂತ್ರ ವ್ಯಕ್ತಿಗಳಾದರೆ ಒಬ್ಬರ ಚೀಟಿಗೆ ಒಬ್ಬರ ವೀಸಾ ಕೊಡಿ. ಇಬ್ಬರೂ ಒಂದೇ ಕುಟುಂಬವಾದರೆ ಕುಟುಂಬಕ್ಕೊಂದು ಚೀಟಿ ಕೊಡಿ. ಚೀಟಿ ಹಾಕುವಾಗ ಇಬ್ಬರು, ಬಹುಮಾನ ಪಡೆಯುವಾಗ ಒಬ್ಬರು ಎಂಬ ಲೆಕ್ಕವನ್ನು ಯಾವ ಹಳ್ಳಿಯ ಚೀಟಿ ವ್ಯವಹಾರದಲ್ಲೂ ಜನ ಒಪ್ಪುವುದಿಲ್ಲ. ಕುಟುಂಬ ಒಟ್ಟಿಗಿರಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಗೆದ್ದ ಮೇಲೆ ಹೆಂಡತಿ ಮಕ್ಕಳನ್ನು ಬಿಟ್ಟು ಬಾ ಎನ್ನುವ ಕಾನೂನು ಕ್ರೂರವಾದದ್ದು. ಆದರೆ ಜೊತೆಗೆ ಹೋಗುವ ಹಕ್ಕು ಬೇರೆ, ಗೆಲ್ಲುವ ಅವಕಾಶ ಇಮ್ಮಡಿಯಾಗುವುದು ಬೇರೆ. ಮೊದಲನೆಯದರ ನೆರಳಲ್ಲಿ ಎರಡನೆಯದನ್ನು ಅಡಗಿಸಿ ಇಟ್ಟಿದ್ದಾರೆ.

ಮದುವೆ ಇಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಹುಟ್ಟಿದ ದೇಶವನ್ನೇ ಬದಲಿಸುತ್ತದೆ. ಭಾರತದಲ್ಲಿ ಹುಟ್ಟಿದವರಿಗೆ ಈ ಲಾಟರಿಯ ಬಾಗಿಲು ಮುಚ್ಚಿದೆ, ಏಕೆಂದರೆ ಹಿಂದಿನ ಐದು ವರ್ಷಗಳಲ್ಲಿ 50,000ಕ್ಕಿಂತ ಹೆಚ್ಚು ವಲಸಿಗರನ್ನು ಕಳಿಸಿದ ದೇಶಗಳನ್ನು ಕಾನೂನು ಹೊರಗಿಡುತ್ತದೆ. ಆದರೆ ಮೈಸೂರಿನಲ್ಲಿ ಹುಟ್ಟಿದವನು ಕಠ್ಮಂಡುವಿನಲ್ಲಿ ಹುಟ್ಟಿದವಳನ್ನು ಮದುವೆಯಾದರೆ ಆಕೆಯ ಜನ್ಮಸ್ಥಳವನ್ನು ತನ್ನದೆಂದು ತೋರಿಸಿ ಅರ್ಜಿ ಹಾಕಬಹುದು. ಇಬ್ಬರಿಗೂ ವೀಸಾ ಸಿಗಬೇಕು, ಇಬ್ಬರೂ ಒಟ್ಟಿಗೆ ಅಮೆರಿಕ ಪ್ರವೇಶಿಸಬೇಕು, ಷರತ್ತು ಅಷ್ಟೇ. ಇದೇ ನಿಯಮ ಲಾಟರಿಯ ಆಚೆಗೂ ಹಬ್ಬಿದೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ, ಒಂದು ದೇಶಕ್ಕೆ ಶೇ 7ರ ಮಿತಿ. ಆ ಮಿತಿಯಿಂದಾಗಿ ಲಕ್ಷಾಂತರ ಭಾರತೀಯರು ಸಾಲಿನಲ್ಲಿದ್ದಾರೆ. ಸಾಂತಾ ಕ್ಲಾರಾದ ಒಂದೇ ಕಚೇರಿಯಲ್ಲಿ, ಒಂದೇ ಕೆಲಸದಲ್ಲಿ, ಒಂದೇ ದಿನ ಅರ್ಜಿ ಹಾಕಿದ ಇಬ್ಬರು ಕನ್ನಡಿಗರನ್ನು ಎಣಿಸಿಕೊಳ್ಳಿ. ಒಬ್ಬನ ಹೆಂಡತಿ ಹಾಸನದ ಆಸ್ಪತ್ರೆಯಲ್ಲಿ ಹುಟ್ಟಿದಳು, ಇನ್ನೊಬ್ಬನ ಹೆಂಡತಿ, ಅಪ್ಪ ಆಗ ಕುವೈತಿನಲ್ಲಿ ಕೆಲಸಕ್ಕಿದ್ದ ಕಾರಣ, ಅಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿದಳು. ಎರಡನೆಯವನು ಭಾರತದ ಸಾಲಿನಿಂದ ಹೊರಬಂದು ಗ್ರೀನ್ ಕಾರ್ಡ್ ಪಡೆಯುತ್ತಾನೆ. ಮೊದಲನೆಯವನು ಕಾಯುತ್ತಾನೆ, ಅಷ್ಟರಲ್ಲಿ ಮಗಳಿಗೆ ಇಪ್ಪತ್ತೊಂದು ತುಂಬಿ ಆಕೆ ಅಪ್ಪನ ಅರ್ಜಿಯಿಂದಲೇ ಬಿದ್ದುಹೋಗುವ ಭಯದಲ್ಲಿ ದಿನ ಎಣಿಸುತ್ತಾನೆ. ತೆರಿಗೆ ಇಬ್ಬರೂ ಕಟ್ಟಿದ್ದಾರೆ, ದುಡಿಮೆ ಇಬ್ಬರದೂ ಒಂದೇ. ಹೆಂಡತಿಯನ್ನು ಹೆತ್ತ ಅತ್ತೆ ಆ ದಿನ ಯಾವ ಊರಿನಲ್ಲಿದ್ದಳು ಎಂಬುದರ ಮೇಲೆ ಒಂದು ದೇಶ ತನ್ನ ಭವಿಷ್ಯದ ಪ್ರಜೆಗಳನ್ನು ಆರಿಸುತ್ತಿದೆ. ಇದನ್ನು ಪ್ರತಿಭೆಯ ಆಯ್ಕೆ ಎಂದು ಕರೆಯುವವರು ನಾಚಿಕೊಳ್ಳಬೇಕು.

ಮದುವೆ ಚೆನ್ನಾಗಿದ್ದವರಿಗೆ ಇಷ್ಟು ಲಾಭ. ಮದುವೆ ಮುರಿದುಬಿದ್ದವರ ಗತಿ ಏನು? ಅರ್ಜಿಯ ಮದುವೆಯ ಕಾಲಂನಲ್ಲಿ ಆಯ್ದುಕೊಳ್ಳಲು ಕೆಲವೇ ಉತ್ತರಗಳಿವೆ: ಅವಿವಾಹಿತ; ವಿವಾಹಿತ, ಸಂಗಾತಿ ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿಯಲ್ಲ; ವಿವಾಹಿತ, ಸಂಗಾತಿ ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿ; ವಿಚ್ಛೇದಿತ; ವಿಧವೆ ಅಥವಾ ವಿಧುರ; ಕಾನೂನಿನ ಪ್ರಕಾರ ಬೇರ್ಪಟ್ಟವರು. ಗಂಡ ಬಿಟ್ಟುಹೋದ ಹೆಣ್ಣಿಗೆ ಇದರಲ್ಲಿ ಜಾಗವಿಲ್ಲ. ನ್ಯಾಯಾಲಯದ ಆದೇಶವಿಲ್ಲದೆ ಆಕೆ 'ಬೇರ್ಪಟ್ಟವಳು' ಆಗುವುದಿಲ್ಲ. ಆತ ಎಲ್ಲಿದ್ದಾನೆಂದು ಗೊತ್ತಿಲ್ಲದಿದ್ದರೂ, ಆತ ಅಮೆರಿಕಕ್ಕೆ ಬರುವ ಮಾತೇ ಇಲ್ಲದಿದ್ದರೂ, ವಿಚ್ಛೇದನಕ್ಕೆ ಅರ್ಜಿ ಕೊಡಬೇಕೆಂದು ಆಕೆ ತೀರ್ಮಾನಿಸಿದ್ದರೂ, 'ವಿವಾಹಿತೆ' ಎಂದೇ ಬರೆದು ಆತನ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಕೊಡಬೇಕು. ಜೊತೆಗೆ ಆತನ ಫೋಟೊ ಬೇಕು. ಚೌಕಾಕಾರದ ಬಣ್ಣದ ಫೋಟೊ, ಹಿನ್ನೆಲೆ ತಿಳಿ ಬಣ್ಣದ್ದು, ಕನ್ನಡಕ ತೆಗೆದಿರಬೇಕು, ತೆಗೆಸಿ ಆರು ತಿಂಗಳು ಮೀರಿರಬಾರದು. ಮೂರು ವರ್ಷದ ಹಿಂದೆ ಮನೆ ಬಿಟ್ಟುಹೋದವನ ಆರು ತಿಂಗಳೊಳಗಿನ ಫೋಟೊವನ್ನು ಆಕೆ ಎಲ್ಲಿಂದ ತರಬೇಕು? ಯಾರ ಮನೆಯ ಬಾಗಿಲು ತಟ್ಟಿ, ಯಾರ ಕಾಲು ಹಿಡಿದು ತರಬೇಕು? ತರಲಾಗದೆ 'ಅವಿವಾಹಿತೆ' ಎಂದು ಬರೆದರೆ, ಕೋಟಿಗಟ್ಟಲೆ ಅರ್ಜಿಗಳ ನಡುವೆ ಆಕೆಯ ಹೆಸರು ಬಂದ ಮೇಲೂ ಕಾನ್ಸುಲೇಟಿನ ಕಿಟಕಿಯಲ್ಲಿ ಅರ್ಜಿ ರದ್ದು. ಶುಲ್ಕವಾಗಿ ಕಟ್ಟಿದ 330 ಡಾಲರ್ ವಾಪಸಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥ ಜಾಗಕ್ಕೇ ಹುಟ್ಟಿದ್ದು.

ವಿಚ್ಛೇದನ ಪಡೆದು ಅರ್ಜಿ ಹಾಕಲಿ ಎನ್ನುವವರು ಈ ಲಾಟರಿ ಯಾವ ದೇಶಗಳಲ್ಲಿ ನಡೆಯುತ್ತದೆ ಎಂದು ನೋಡಬೇಕು. ಈಜಿಪ್ಟಿನಲ್ಲಿ ಮುಸ್ಲಿಂ ಗಂಡ ತಾನಾಗಿಯೇ ತಲಾಖ್ ಹೇಳಬಹುದು. ಹೆಂಡತಿ ನ್ಯಾಯಾಲಯಕ್ಕೆ ಅಲೆಯಬೇಕು, ಅಥವಾ 2000ದಲ್ಲಿ ಬಂದ ಖುಲಾ ಕಾನೂನಿನಡಿ ಮೆಹರ್ ಮತ್ತು ಜೀವನಾಂಶದ ಹಕ್ಕನ್ನು ಬಿಟ್ಟುಕೊಟ್ಟು ಬಿಡುಗಡೆ ಪಡೆಯಬೇಕು. ಅದೇ ದೇಶದ ಕಾಪ್ಟಿಕ್ ಕ್ರೈಸ್ತರಲ್ಲಿ ಚರ್ಚು ಒಪ್ಪುವ ಕಾರಣಗಳು ಬೆರಳೆಣಿಕೆಯಷ್ಟು. ಹೀಗೆ ಒಂದು ದೇಶ ಹೆಣ್ಣಿಗೆ ಕೊಡದ ಬಿಡುಗಡೆಯನ್ನು ಇನ್ನೊಂದು ದೇಶ ಅರ್ಹತೆಯಾಗಿ ಕೇಳುತ್ತದೆ. ಸಾಂಪ್ರದಾಯಿಕವಾಗಿ ಮದುವೆಯಾಗಿ ನೋಂದಣಿ ಮಾಡಿಸದವರ ಕಷ್ಟ ಇದರ ಇನ್ನೊಂದು ಮುಖ. ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ ಎಂದು 'ಅವಿವಾಹಿತ' ಎಂದು ಪ್ರಾಮಾಣಿಕವಾಗಿಯೇ ಬರೆದವನಿಗೆ, ನಿನ್ನ ಊರಿನ ಕಾನೂನು ಆ ಮದುವೆಯನ್ನು ಒಪ್ಪುತ್ತದೆ, ನೀನು ಸುಳ್ಳು ಹೇಳಿದೆ ಎನ್ನುತ್ತಾರೆ. ಸಲಿಂಗಿ ಜೋಡಿಗಳ ಪಾಡು ಇದಕ್ಕೆ ತಿರುಗುಮುರುಗು. ತನ್ನ ಸುಪ್ರೀಂ ಕೋರ್ಟಿನ 2013ರ ವಿಂಡ್ಸರ್ ತೀರ್ಪಿನ ನಂತರ ಅಮೆರಿಕ ಅವರ ಮದುವೆಯನ್ನು ವೀಸಾಕ್ಕೆ ಒಪ್ಪುತ್ತದೆ, ಆದರೆ ಮದುವೆಯೇ ಆಗಿರಬೇಕು. 2023ರಲ್ಲಿ ಸಲಿಂಗ ಸಂಬಂಧಕ್ಕೆ ಮರಣದಂಡನೆವರೆಗೆ ಶಿಕ್ಷೆ ಬರೆದ ಉಗಾಂಡದಲ್ಲಿ ಹತ್ತು ವರ್ಷ ಜೊತೆಗೆ ಬಾಳಿದ ಇಬ್ಬರು ಗಂಡಸರು ಯಾವ ಕಚೇರಿಗೆ ಹೋಗಿ ಸರ್ಟಿಫಿಕೇಟ್ ತರಬೇಕು?

ಹೆಣ್ಣನ್ನು ಗಂಡನ ಮೂಲಕ ಅಳೆಯಬಾರದು ಎಂಬ ಪಾಠ ಅಮೆರಿಕಕ್ಕೆ ಹೊಸದಲ್ಲ. 1907ರ ಕಾನೂನಿನಂತೆ ವಿದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1922ರ ಕೇಬಲ್ ಕಾನೂನು ಅದನ್ನು ತಿದ್ದಿತು, ಆದರೆ ಪೌರತ್ವಕ್ಕೆ ಅನರ್ಹನಾದವನನ್ನು ಮದುವೆಯಾದವಳನ್ನು ಹೊರಗೇ ಇಟ್ಟಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರೂ ಅನರ್ಹರೆಂದು ತೀರ್ಪು ಬಂದ ಮೇಲೆ, ಭಾರತೀಯನ ಕೈಹಿಡಿದ ಅಮೆರಿಕದ ಹೆಣ್ಣೂ ಆ ಅನ್ಯಾಯಕ್ಕೆ ಸಿಕ್ಕಿದಳು. 1931ರಲ್ಲಿ ಆ ಕಲಮು ಹೋಯಿತು. ಹೆಣ್ಣು ಗಂಡನ ನೆರಳಲ್ಲ ಎಂದು ಒಪ್ಪಿಕೊಳ್ಳಲು ಆ ದೇಶಕ್ಕೆ ಕಾಲು ಶತಮಾನ ಬೇಕಾಯಿತು. ಒಪ್ಪಿಕೊಂಡ ಮೇಲೆ, ಮನೆ ಬಿಟ್ಟುಹೋದ ಗಂಡನ ಫೋಟೊ ಇಲ್ಲದೆ ಹೆಣ್ಣಿನ ಅರ್ಜಿ ಅಪೂರ್ಣ ಎನ್ನುವ ನಿಯಮಕ್ಕೆ ಏನು ಸಮರ್ಥನೆ ಉಳಿದಿದೆ?

ವಂಚನೆ ತಡೆಯಲು ಎನ್ನುತ್ತಾರೆ. ವಂಚನೆ ಇದೆ, ನಿಜ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ 2007ರ ವರದಿಯೇ ಢಾಕಾದ ದಲ್ಲಾಳಿಗಳ ಕಥೆ ಹೇಳುತ್ತದೆ: ಗೆದ್ದವರ ಕಾಗದ ತಮ್ಮ ಕೈಗೆ ಬಂದಾಗ ದಲ್ಲಾಳಿಗಳು ಅದನ್ನು ಹಿಡಿದಿಟ್ಟುಕೊಂಡು, ತಮ್ಮ ಇನ್ನೊಬ್ಬ ಗಿರಾಕಿಯ ಜೊತೆ ಕಾಗದದ ಮದುವೆಗೆ ಒತ್ತಾಯಿಸುತ್ತಿದ್ದರು. ಆದರೆ ಆ ಮದುವೆಗೆ ಬೆಲೆ ಬಂದದ್ದು ಎಲ್ಲಿಂದ? ಈ ನಿಯಮದಿಂದಲೇ. ಮದುವೆ ಸರ್ಟಿಫಿಕೇಟಿನಲ್ಲಿ ಒಂದು ಹೆಚ್ಚಿನ ವೀಸಾ ಇಟ್ಟವರು, ಅದನ್ನು ಮಾರುವವರು ಹುಟ್ಟಿದರೆಂದು ಆಶ್ಚರ್ಯಪಡುವಂತಿಲ್ಲ. ಗೆದ್ದ ಮೇಲೆ ನಿಜವಾಗಿ ಮದುವೆಯಾದ ಹುಡುಗ ಹುಡುಗಿಯರು ಇದೇ ಕಾರಣಕ್ಕೆ ಕಿಟಕಿಯ ಮುಂದೆ ಅಪರಾಧಿಗಳಂತೆ ನಿಂತು ತಮ್ಮ ಪ್ರೀತಿಗೆ ಸಾಕ್ಷಿ ಒದಗಿಸಬೇಕಾಗಿದೆ. ಹೆಸರು ಮುಚ್ಚಿಟ್ಟವನಿಗೆ ಶಿಕ್ಷೆ ಬೇಕು ಎನ್ನುವುದಾದರೆ ಅದು ತಪ್ಪಿನ ಅಳತೆಗೆ ಇರಲಿ: ಹೆಸರಿಸದ ಸಂಗಾತಿಗೆ ಆ ಅರ್ಜಿಯ ಮೇಲೆ ವೀಸಾ ಕೊಡಬೇಡಿ, ಗೆದ್ದವರ ಅರ್ಜಿಯನ್ನು ಕೊಲ್ಲಬೇಡಿ. ಇನ್ನು ವಂಚನೆಯ ನೆಪದಲ್ಲಿ ಲಾಟರಿಯನ್ನೇ ಮುಚ್ಚಿಸಬೇಕೆನ್ನುವವರು ನೆಗಡಿಗೆ ಮೂಗು ಕೊಯ್ಯುವವರು. ಆಫ್ರಿಕದ, ಮಧ್ಯ ಏಷ್ಯಾದ, ನೇಪಾಳದ ಸಾಮಾನ್ಯ ಓದಿನ ಜನಕ್ಕೆ, ಅಮೆರಿಕದಲ್ಲಿ ನಂಟರೂ ಇಲ್ಲದ, ಕರೆಸಿಕೊಳ್ಳುವ ಕಂಪನಿಯೂ ಇಲ್ಲದ ಜನಕ್ಕೆ, ಇದೊಂದೇ ನ್ಯಾಯವಾದ ಬಾಗಿಲು.

2025ರ ಡಿಸೆಂಬರ್‌ನಲ್ಲಿ ಟ್ರಂಪ್ ಸರ್ಕಾರ ಈ ಯೋಜನೆಗೆ ತಡೆ ಘೋಷಿಸಿತು. ಲಾಟರಿಯ ಪರ ನಿಂತವರು ಅದನ್ನು ಇದ್ದ ಹಾಗೆಯೇ ಉಳಿಸಲು ಹೊರಟರೆ ಸಾಲದು. ಕುಟುಂಬಕ್ಕೊಂದೇ ಚೀಟಿ ಎಂದು ಮಾಡಲು ಅಲ್ಲಿನ ಸಂಸತ್ತು ಕಾನೂನು ತಿದ್ದಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಆದರೆ ಅರ್ಜಿಯಲ್ಲಿ ಏನು ಕೇಳಬೇಕು, ಯಾರ ಫೋಟೊ ಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು ಕಾನೂನು ವಿದೇಶಾಂಗ ಇಲಾಖೆಗೇ ಕೊಟ್ಟಿದೆ. 'ಸಂಗಾತಿಯಿಂದ ದೂರವಿದ್ದೇನೆ, ಅವರು ನನ್ನ ಜೊತೆ ಬರುವುದಿಲ್ಲ' ಎಂಬ ಒಂದು ಸಾಲನ್ನು ಆ ಪಟ್ಟಿಗೆ ಸೇರಿಸಲು ಯಾವ ಮತದಾನವೂ ಬೇಕಿಲ್ಲ. ಆ ಸಾಲನ್ನು ಆರಿಸಿದ ಹೆಣ್ಣಿನಿಂದ ಬೇರೆ ಯಾರ ಮುಖವನ್ನೂ ಕೇಳಬಾರದು. ಓದಿದವಳು ಆಕೆ, ದುಡಿದವಳು ಆಕೆ, ಚೀಟಿಯಲ್ಲಿ ಬಂದದ್ದು ಆಕೆಯ ಹೆಸರು. ಆಕೆಯ ಅರ್ಜಿಗೆ ಆಕೆಯ ಫೋಟೊ ಸಾಕು.