ಮರ ಹತ್ತುವವನನ್ನು ಕೇಳಬೇಕಾಯಿತು

ವಿಮಾನ ನಿಲ್ದಾಣದಿಂದ ಊರಿಗೆ ಬರುವ ಪರದೇಶದವರಿಗೆ ಬೆಂಗಳೂರಿನ ನಿಜವಾದ ಪರಿಚಯ ಆಗುವುದು ಹೆಬ್ಬಾಳ ಫ್ಲೈಓವರ್ ಮೇಲೆ, ಟ್ಯಾಕ್ಸಿ ನಿಂತುಬಿಟ್ಟಾಗ. ಅಷ್ಟು ಹೊತ್ತು ನಿಂತರೂ ಯಾರೂ ಅತ್ತಿತ್ತ ನೋಡುವುದಿಲ್ಲ, ಎಲ್ಲರ ಕಣ್ಣೂ ಫೋನಿನ ಮೇಲೆ. ನೋಡಿದರೆ ಕೆರೆ ಕಾಣುತ್ತದೆ. ಇನ್ನಷ್ಟು ಮುಂದೆ ಬಳ್ಳಾರಿ ರಸ್ತೆಗೆ ಹೊಂದಿಕೊಂಡಂತೆ ಪಶುವೈದ್ಯಕೀಯ ಕಾಲೇಜು, ಕೃಷಿ ವಿಶ್ವವಿದ್ಯಾಲಯದ ಹಳೆಯ ಆವರಣ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ 30 ಎಕರೆ ಕೊಟ್ಟು ಆರಂಭಿಸಿದ ಕೃಷಿ ಪ್ರಯೋಗ ಕ್ಷೇತ್ರ ಇದ್ದದ್ದು ಇಲ್ಲೇ. ಅದರ ಮೊದಲ ಉಸ್ತುವಾರಿ ನೋಡಿಕೊಂಡ ಡಾ. ಲೇಹ್ಮನ್ ಹೊರದೇಶದವರು. ಅವರ ಬೆನ್ನಿಗೇ 1908ರಲ್ಲಿ ಬಂದವರು ಕೆನಡಾದ ಲೆಸ್ಲಿ ಕೋಲ್ಮನ್. ಬಂದವರು 1930ರ ದಶಕದವರೆಗೂ ಹೋಗಲಿಲ್ಲ.

ಈಗ ಯಲಹಂಕದಿಂದ ದೇವನಹಳ್ಳಿ ಕಡೆಗೆ ಹೋದಂತೆಲ್ಲ ಗೇಟು ಹಾಕಿದ ವಿಲ್ಲಾಗಳು, ಅಂತರರಾಷ್ಟ್ರೀಯ ಶಾಲೆಗಳು. ಕಂಪನಿಯ ಕೆಲಸದ ಮೇಲೆ ಎರಡು-ಮೂರು ವರ್ಷಕ್ಕೆಂದು ಬಂದಿರುವ ಹೊರದೇಶದ ಕುಟುಂಬಗಳು ಅಲ್ಲಿ ಸಿಗುತ್ತವೆ. ಮನೆ, ಕಾರು, ಡ್ರೈವರು, ಅಡುಗೆಯವರು ಎಲ್ಲ ಕಂಪನಿಯದೇ. ವಾಪಸು ಹೊರಡುವಾಗ ಬೀಳ್ಕೊಡುಗೆಯ ಊಟದಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಇಂಡಿಯಾ ನನ್ನನ್ನು ಬದಲಾಯಿಸಿತು. ಆ ಮಾತಿನಲ್ಲಿ ಸುಳ್ಳಿಲ್ಲ. ಬಿಡಿಸಿ ಕೇಳಿದರೆ ಮಾತ್ರ ಸಿಗುವುದು ಇಷ್ಟೇ: ಟ್ರಾಫಿಕ್ಕಿನಲ್ಲಿ ತಾಳ್ಮೆ ಬಂತು, ಫಿಲ್ಟರ್ ಕಾಫಿ ರುಚಿ ಹತ್ತಿತು, 'ಸ್ವಲ್ಪ ಅಡ್ಜಸ್ಟ್ ಮಾಡಿ' ಎನ್ನುವುದು ಬಾಯಿಗೆ ಬಂತು, ಬಡವರನ್ನು ನೋಡಿ ಮನಸ್ಸು ಮೆತ್ತಗಾಯಿತು. ನಾಲಿಗೆ ಬದಲಾದಷ್ಟು ಸುಲಭಕ್ಕೆ ಮನುಷ್ಯ ತೂಗಿ ನೋಡುವ ತಕ್ಕಡಿ ಬದಲಾಗುವುದಿಲ್ಲ. ಅದಕ್ಕೆ ಇನ್ನೊಬ್ಬರ ಮುಂದೆ ನಿಂತು 'ನನಗೆ ಗೊತ್ತಿಲ್ಲ, ನೀವೇ ಹೇಳಿ' ಎನ್ನುವ ಗರಜು ಬೀಳಬೇಕು. ಎಲ್ಲ ಒದಗಿಸಿಕೊಟ್ಟ ವಿಲ್ಲಾದೊಳಗೆ ಆ ಗರಜು ಬೀಳುವುದು ಕಷ್ಟ.

ಕೋಲ್ಮನ್ ಅವರಿಗೆ ಬಿತ್ತು, ಅದೂ ಮಲೆನಾಡಿನ ಮಳೆಯಲ್ಲಿ.

ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದವರು ಅವರು. ಮೈಸೂರು ಸರ್ಕಾರ ಕರೆಸಿಕೊಂಡದ್ದು ಶಿಲೀಂಧ್ರ ಮತ್ತು ಕೀಟಗಳ ತಜ್ಞ ಎಂದು. ಬಂದೊಡನೆ ಎದುರಾದದ್ದು ಅಡಿಕೆಯ ಕೊಳೆರೋಗ. ಮಳೆ ಹಿಡಿದರೆ ಎಳೆಗಾಯಿ ಕೊಳೆತು ಉದುರುತ್ತದೆ, ವರ್ಷದ ಬೆಳೆ ಮರದ ಬುಡದಲ್ಲಿ ಬಿದ್ದಿರುತ್ತದೆ. ತೋಟದವರು ಸುಮ್ಮನೆ ಕೂತಿರಲಿಲ್ಲ. ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುತ್ತಿದ್ದರು. ಕೋಲ್ಮನ್ ರೋಗದ ಶಿಲೀಂಧ್ರವನ್ನು ಗುರುತಿಸಿ ಸೂಚಿಸಿದ್ದು ಬೋರ್ಡೋ ದ್ರಾವಣವನ್ನು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ, ಮೈಲುತುತ್ತಕ್ಕೆ ಸುಣ್ಣ ಸೇರಿಸಿದ ಔಷಧಿ ಅದು. ಆಗುಂಬೆ ಕಡೆಯ ಮಳೆಗೆ ಅದು ತೊಳೆದುಹೋಗದೆ ಕಾಯಿಗೆ ಅಂಟಿಕೊಳ್ಳಲೆಂದು ರಾಳ ಮತ್ತು ಸೋಡಾದ ಅಂಟನ್ನೂ ಸೇರಿಸಿದರು. ತರ್ಕ ಮಾತ್ರ ಕೊಟ್ಟೆಯದೇ: ರೋಗ ಮುಟ್ಟುವ ಮೊದಲು ಕಾಯಿಗೊಂದು ಹೊದಿಕೆ. ಹಳ್ಳಿಯವರ ಉಪಾಯಕ್ಕೆ ಪ್ರಯೋಗಾಲಯ ಬೇರೆ ಬಟ್ಟೆ ತೊಡಿಸಿತು ಎಂದರೆ ಕೋಲ್ಮನ್ ಅವರಿಗೇನೂ ಕಡಿಮೆಯಾಗುವುದಿಲ್ಲ.

ಔಷಧಿ ಸಿದ್ಧವಾಯಿತು, ಹೊಡೆಯುವವರು ಯಾರು? ಐವತ್ತು ಅರುವತ್ತು ಅಡಿ ಎತ್ತರದ, ನೀರಿಳಿದು ಜಾರುವ ಮರಕ್ಕೆ ಗಟಿಂಗೆನ್ ಡಾಕ್ಟರೇಟು ಏಣಿಯಾಗುವುದಿಲ್ಲ. ಕೊನೆಗಾರ ಬೇಕು. ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡೇ ದಾಟುವ ಅವನು ಒಪ್ಪಬೇಕು, ತೋಟದ ಯಜಮಾನರು ನಂಬಬೇಕು. ಪಕ್ಕದ ತೋಟದವರೂ ಹೊಡೆಸದಿದ್ದರೆ ರೋಗ ಬೇಲಿ ಕೇಳಿ ನಿಲ್ಲುವುದಿಲ್ಲ. ಇಲ್ಲಿ ದೊರೆತನ ನಡೆಯುವುದಿಲ್ಲ, ಮಾತಾಡಿಯೇ ಒಪ್ಪಿಸಬೇಕು. 1910ರಲ್ಲಿ ಹೊರಬಂದ ಅವರ ಬುಲೆಟಿನ್ ಇಂಗ್ಲಿಷಿನದು, ಆದರೆ ತಲೆಬರಹದಲ್ಲಿ ಕೂತಿರುವುದು 'ಕೊಳೆರೋಗ' ಎಂಬ ಕನ್ನಡದ ಮಾತೇ. ಮುಂಗಾರಿಗೆ ಔಷಧಿ ಹೊಡೆಸುವ ಕೆಲಸ ಇಂದಿಗೂ ನಿಂತಿಲ್ಲ. ಕೊನೆಗಾರರು ಕಡಿಮೆಯಾಗಿ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ಅಷ್ಟೇ.

ಅಲ್ಲಿಂದ ಮುಂದಿನದು ಒಬ್ಬ ಶಿಲೀಂಧ್ರ ತಜ್ಞನ ಕೆಲಸದ ಪಟ್ಟಿಯಂತೆ ಕಾಣುವುದೇ ಇಲ್ಲ. 1913ರಲ್ಲಿ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು, ರಾಗಿ ತಳಿ ಸುಧಾರಣೆಯೂ ಶುರುವಾಯಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ, ಕನ್ನಂಬಾಡಿಯ ನಾಲೆ ನೀರು ಬಂದ ಮೇಲೆ ಮಂಡ್ಯದ ಕೃಷಿ ಕ್ಷೇತ್ರ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, ಎಲ್ಲದರ ಹಿಂದೆಯೂ ಈ ಮನುಷ್ಯ ಇದ್ದಾರೆ. ಜೋಳದ ಹೊಲ ತಿನ್ನುತ್ತಿದ್ದ ಒಂದು ಮಿಡತೆಯ ಮೇಲೆ ಕೆಲಸ ಮಾಡಿದ್ದಕ್ಕೆ ಅದರ ಕುಲಕ್ಕೇ ವಿಜ್ಞಾನಿಗಳು ಕೋಲ್ಮೇನಿಯಾ ಎಂದು ಹೆಸರಿಟ್ಟರು. ಸಮುದ್ರ ದಾಟಿ ಬಂದವರ ಹೆಸರು ಹೊತ್ತ ಆ ಮಿಡತೆಗೆ ಹಾರುವ ರೆಕ್ಕೆಯಿಲ್ಲ!

ಹಾಗೆಂದು ಅವರನ್ನು ಸಂತನ ಪೀಠದಲ್ಲಿ ಕೂರಿಸಬೇಕಿಲ್ಲ. ವಸಾಹತು ಕಾಲದ ಬಿಳಿಯ ಅಧಿಕಾರಿಗೆ ಸಿಗುತ್ತಿದ್ದ ಮರ್ಯಾದೆ ಅವರಿಗೂ ಸಿಕ್ಕಿತು. ಇನ್ನೊಂದು ಮಾತು, ಆಗಿನ ಮೈಸೂರನ್ನು 'ಹಿಂದುಳಿದ' ದೇಶ ಎನ್ನುವುದೂ ಪೂರ್ತಿ ಸರಿಯಲ್ಲ. ಅವರು ಬರುವ ಮೂರು ವರ್ಷ ಮೊದಲೇ, 1905ರಲ್ಲಿ, ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿ ದೀಪಗಳಿಗೆ ಬಂದಿತ್ತು. ದೇಶಗಳನ್ನು ಮುಂದುವರಿದವು, ಹಿಂದುಳಿದವು ಎಂದು ಎರಡು ಗೂಟಕ್ಕೆ ಕಟ್ಟುವ ಮಾತು ಜೋರಾದದ್ದು 1949ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಭಾಷಣದ ನಂತರ. 2016ರಲ್ಲಿ ವಿಶ್ವಬ್ಯಾಂಕ್ ತನ್ನ ಅಂಕಿಅಂಶಗಳ ಪುಸ್ತಕದಲ್ಲಿ ಆ ಗೂಟಗಳನ್ನು ಕಿತ್ತುಹಾಕಿತು.

ಕೋಲ್ಮನ್ ಕೈಕೆಳಗೆ ಸಹಾಯಕರಾಗಿ ಸೇರಿದ ಕುಂಞಿ ಕಣ್ಣನ್ ಅವರ ಪ್ರಯಾಣ ಕೋಲ್ಮನ್ ಅವರದಕ್ಕೆ ತಿರುಗುಮುರುಗು. ಕೇರಳದವರು. ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋಗಿ ಡಾಕ್ಟರೇಟ್ ಪಡೆದು ಬಂದು ಮೈಸೂರು ರಾಜ್ಯದ ಕೀಟಶಾಸ್ತ್ರಜ್ಞರಾದರು. ಕೀಟಗಳ ಬಗ್ಗೆ ಬರೆದದ್ದು ಸರಿ, ಅದು ಕಸುಬು. ಆದರೆ 1927ರಲ್ಲಿ ಅವರು 'ದಿ ವೆಸ್ಟ್' ಎಂಬ ಪುಸ್ತಕ ಬರೆದು ಪಶ್ಚಿಮದ ನಾಗರಿಕತೆಯನ್ನೇ ಪರೀಕ್ಷೆಗೆ ಇಟ್ಟರು. ಆ ಕಾಲದಲ್ಲಿ ಇಂಡಿಯಾದ ಬಗ್ಗೆ ತೀರ್ಪು ಕೊಡುವ ಪುಸ್ತಕಗಳನ್ನು ಬಿಳಿಯರು ರಾಶಿ ರಾಶಿ ಬರೆಯುತ್ತಿದ್ದರು. ತೀರ್ಪಿನ ಕುರ್ಚಿಯಲ್ಲಿ ಮೈಸೂರು ಸರ್ಕಾರದ ಒಬ್ಬ ನೌಕರ ಕೂತು ನೋಡುವುದು ಅಪರೂಪ. ಒಂದೇ ಇಲಾಖೆಯಲ್ಲಿ ಒಬ್ಬರು ಹೊರಗಿನಿಂದ ಬಂದು ಇಲ್ಲಿನದನ್ನು ಕಲಿತರು, ಇನ್ನೊಬ್ಬರು ಹೊರಗೆ ಹೋಗಿ ಬಂದು ಅಲ್ಲಿನದನ್ನು ಅಳೆದರು.

ಇಲ್ಲಿಂದ ಬಡದೇಶಗಳಿಗೆ ಹೋದವರೂ ಇದ್ದಾರೆ. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ತಲೆಯೆತ್ತಿದಾಗ ಯಂತ್ರ ಕಟ್ಟುವುದನ್ನು ಹೇಳಿಕೊಟ್ಟದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ. 1980ರ ಆಸುಪಾಸಿಗೆ ಅದೇ ಎಚ್‌ಎಂಟಿ ನೈಜೀರಿಯಾದ ಒಶೊಗ್ಬೊದಲ್ಲಿ ಯಂತ್ರೋಪಕರಣ ಕಾರ್ಖಾನೆಗೆ ತಾಂತ್ರಿಕ ಪಾಲುದಾರ. ಕಲಿತವರು ಒಂದೇ ತಲೆಮಾರಿನಲ್ಲಿ ಕಲಿಸುವವರಾದರು. ಪಾಠ ಹೇಳಿಸಿಕೊಂಡ ನೆನಪು ಹಸಿಯಿರುವಾಗಲೇ ಪಾಠ ಹೇಳಲು ನಿಂತವನ ಮನಸ್ಸಿನಲ್ಲಿ ಏನೆಲ್ಲ ನಡೆದಿರಬೇಕು! ಹೊರದೇಶದ ಅನುಭವ ಬರೆಯುವುದು ಕನ್ನಡಕ್ಕೆ ಹೊಸದಲ್ಲ: 'ಅಮೆರಿಕಾದಲ್ಲಿ ಗೊರೂರು' ಪ್ರವಾಸ ಕಥನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಲ್ಲಿ. ಕನ್ನಡದಲ್ಲಿ ಅಮೆರಿಕ ಕಥನಗಳಿಗೆ ಅಂದಿನಿಂದಲೂ ಬರವಿಲ್ಲ. 'ಒಶೊಗ್ಬೊದಲ್ಲಿ ಜಾಲಹಳ್ಳಿ' ಎಂಬ ಪುಸ್ತಕವಿದ್ದಿದ್ದರೆ ಅದರ ತೂಕವೇ ಬೇರೆ ಇರುತ್ತಿತ್ತು.

ಉತ್ತರ ಬೆಂಗಳೂರಿಗೆ ಈಗ ದೊಡ್ಡ ಸಂಖ್ಯೆಯಲ್ಲಿ ಬಂದು ವರ್ಷಗಟ್ಟಲೆ ನಿಲ್ಲುವ ಪರದೇಶದವರೆಂದರೆ ಆಫ್ರಿಕಾದ ವಿದ್ಯಾರ್ಥಿಗಳು. ಸೋಲದೇವನಹಳ್ಳಿ, ಹೆಸರಘಟ್ಟ ರಸ್ತೆಯ ಕಾಲೇಜುಗಳ ಸುತ್ತ ಬಾಡಿಗೆ ಮನೆ ಹಿಡಿದಿದ್ದಾರೆ. ಅವರಿಗೆ ಡ್ರೈವರಿಲ್ಲ, ಅಡುಗೆಯವರಿಲ್ಲ. ಮನೆ, ಆಟೊ, ಗ್ಯಾಸು, ಪೊಲೀಸ್ ನೋಂದಣಿ, ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳಬೇಕು. ಕೋಲ್ಮನ್‌ಗೆ ಬಿದ್ದ ಗರಜಿನ ಹತ್ತರಷ್ಟು ಇವರಿಗಿದೆ, ಅವರಿಗಿದ್ದ ಮರ್ಯಾದೆಯ ಹತ್ತರಲ್ಲೊಂದು ಪಾಲೂ ಇಲ್ಲ. 2016ರ ಜನವರಿ 31ರ ರಾತ್ರಿ ಈ ಭಾಗದಲ್ಲಿ ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಅಪಘಾತಕ್ಕೂ ಆಕೆಗೂ ಸಂಬಂಧವಿರಲಿಲ್ಲ, ದೇಶವೂ ಬೇರೆ. ಗುಂಪಿಗೆ ಕಂಡದ್ದು ಬಣ್ಣ. ಇದೇ ಹೆಸರಘಟ್ಟದಲ್ಲಿ 1960ರ ದಶಕದಲ್ಲಿ ಡೆನ್ಮಾರ್ಕಿನ ನೆರವಿನಿಂದ ಹಸು ತಳಿಯ ಯೋಜನೆ ಬಂದಿತ್ತು. ಬಂದವರ ದೇಶ ಯಾವುದೆಂದು ನೋಡಿ ಮರ್ಯಾದೆ ಅಳೆಯುವ ಸೇರು ಊರವರ ಕೈಯಲ್ಲೇ ಇರುತ್ತದೆ.

ಕೋಲ್ಮನ್ ಕಾಲದಲ್ಲಿ ಹೆಬ್ಬಾಳದಲ್ಲಿ ಹಿಡಿದ ರಾಗಿಯ ಕೆಲಸ ಮುಂದೆ ಮಂಡ್ಯಕ್ಕೆ ಹೋಯಿತು. ಅಲ್ಲಿನ ಕೃಷಿ ಕ್ಷೇತ್ರದಲ್ಲಿ 'ರಾಗಿ' ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಬೆಳೆಸಿದ ತಳಿಗಳೇ ಇಂಡಾಫ್. ಇಂಡಿಯಾದ ಅರ್ಧ, ಆಫ್ರಿಕಾದ ಅರ್ಧ ಸೇರಿದ ಹೆಸರು. ಅದಕ್ಕೂ ಹಿಂದಕ್ಕೆ ಹೋದರೆ ರಾಗಿಯೇ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದ ಬಂದ ಬೆಳೆ. ಟಾಂಜಾನಿಯಾದಲ್ಲಿ ಅದಕ್ಕೆ ಉಲೇಜಿ ಎನ್ನುತ್ತಾರೆ, ಹಿಟ್ಟು ಕಲಸಿ ಗಂಜಿ ಕಾಯಿಸುತ್ತಾರೆ. ಸೋಲದೇವನಹಳ್ಳಿಯ ಕೆಳಗಿನ ಮನೆಯಲ್ಲಿ ರಾತ್ರಿ ಮುದ್ದೆ ತೊಳಸುತ್ತಿರುತ್ತಾರೆ, ಮಹಡಿ ಮನೆಯಲ್ಲಿ ದಾರೆಸ್ಸಲಾಮಿನ ಹುಡುಗಿ ಓದುತ್ತಿರುತ್ತಾಳೆ. ಅಡ್ವಾನ್ಸು, ನೀರಿನ ಬಿಲ್ಲು, ಗೇಟು ಹಾಕುವ ಹೊತ್ತು, ಎಲ್ಲದರ ಮಾತೂ ಆಗಿರುತ್ತದೆ. ನಿಮ್ಮ ಕಡೆ ರಾಗಿಗೆ ಏನಂತೀರಮ್ಮ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.