ಭೀಮೆಯ ನೀರು ಮತ್ತು ಇಂಗಾಲದ ಲೆಕ್ಕ

ಪುಣೆ ಜಿಲ್ಲೆಯ ದೌಂಡ ನಮ್ಮವರಲ್ಲಿ ಬಹುಮಂದಿಗೆ ಕೇವಲ ಒಂದು ರೈಲ್ವೆ ಜಂಕ್ಷನ್. ಅದರ ಸುತ್ತಲಿನದು ಕಬ್ಬಿನ ಸೀಮೆ; ಅಲ್ಲಿ ಹರಿಯುವ ಭೀಮೆಯೇ ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು ಕೃಷ್ಣೆಯನ್ನು ಸೇರುತ್ತಾಳೆ. ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸಲು ರಾಜಕಾರಣಿಗಳೂ ಸ್ಥಳೀಯ ಜನರೂ ಒಂದಾಗಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಆ ‘ಸ್ಥಳೀಯ’ ಎಂಬ ಪದದ ವ್ಯಾಪ್ತಿ ಎಷ್ಟು ಎಂಬುದೇ ನನ್ನ ಪ್ರಶ್ನೆ.

ಹಾಗೆ ನೋಡಿದರೆ ಪಶ್ಚಿಮ ಮಹಾರಾಷ್ಟ್ರಕ್ಕೆ ಇಂತಹ ಒಗ್ಗಟ್ಟು ಹೊಸತಲ್ಲ. ವಿಠ್ಠಲರಾವ್ ವಿಖೆ ಪಾಟೀಲ, ಧನಂಜಯರಾವ್ ಗಾಡಗೀಳರ ನೇತೃತ್ವದಲ್ಲಿ ಪ್ರವರಾನಗರದ ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿದ ಮೇಲೆ ಅಲ್ಲಿ ಬೆಳೆಗಾರ, ಷೇರುದಾರ, ಮತದಾರ ಮೂವರೂ ಒಬ್ಬನೇ ಆದ. ಕಾರ್ಖಾನೆಯ ಅಧ್ಯಕ್ಷಪೀಠ ವಿಧಾನಸಭೆಗೆ ಮೆಟ್ಟಿಲಾಯಿತು. ದೌಂಡ ತಾಲ್ಲೂಕಿನ ಪಾಟಸದ ಭೀಮಾ ಸಹಕಾರಿ ಕಾರ್ಖಾನೆಯೂ ಈ ಪರಂಪರೆಗೆ ಸೇರಿದ್ದು. 2022ರಲ್ಲಿ ಅದನ್ನು ಗುತ್ತಿಗೆಗೆ ಪಡೆದದ್ದು ನಮ್ಮ ಮುಧೋಳದ ನಿರಾಣಿ ಸಮೂಹ. ಮುರುಗೇಶ ನಿರಾಣಿಯವರು ಆಗ ಕರ್ನಾಟಕದ ಬೃಹತ್ ಕೈಗಾರಿಕಾ ಸಚಿವರು. ಭಾಷಾವಾರು ಗಡಿಗೆ ವಿವಾದ ಅಂಟಿಕೊಂಡೇ ಇದೆ. ಸಕ್ಕರೆಗೆ ಮಾತ್ರ ಗಡಿಯಿಲ್ಲ.

ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿಯ ಅವಧಿಯನ್ನು ಕೇಂದ್ರ ಸರ್ಕಾರ 2022ರಲ್ಲಿ 2025-26ಕ್ಕೆ ಹಿಂದಕ್ಕೆ ತಂದಿತು. ಕಬ್ಬು ಗಾಳಿಯಿಂದ ಹೀರಿದ ಇಂಗಾಲವನ್ನೇ ಎಥನಾಲ್ ಉರಿದಾಗ ಗಾಳಿಗೆ ಮರಳಿಸುವುದರಿಂದ ಇದು ಶುದ್ಧ ಇಂಧನವೆಂಬುದು ವಾದ. ವಾದದಲ್ಲಿ ಹುರುಳಿದೆ. ಆದರೆ ನೀರೆತ್ತುವ ಪಂಪಿನ ವಿದ್ಯುತ್ತು ಬಹುಪಾಲು ಕಲ್ಲಿದ್ದಲಿನದು. ರಾಸಾಯನಿಕ ಗೊಬ್ಬರವೂ ಲೆಕ್ಕಕ್ಕೆ ಬರಬೇಕು. ಕೊಯ್ಲಾದ ಮೇಲೆ ಹೊಲದಲ್ಲಿ ಸುಡುವ ರವದಿಯ ಹೊಗೆಯೂ ಹೊಗೆಯೇ. (ಮರಾಠಿಯ ‘ಪಾಚಟ’ವೇ ನಮ್ಮ ಉತ್ತರ ಕರ್ನಾಟಕದ ‘ರವದಿ’, ಬೆಂಕಿ ಹಚ್ಚುವ ರೂಢಿ ಎರಡೂ ಕಡೆ ಒಂದೇ.) ಇದನ್ನು ಬಿಡಿಸಲು ಕಾನೂನಿಗಿಂತ ಕಾರ್ಖಾನೆಯ ಸಭೆಯಲ್ಲಿ ನಾಯಕ ಆಡುವ ಮಾತಿಗೆ ಬಲ ಹೆಚ್ಚು. ರಾಜಕಾರಣಿಯಿಂದ ನಿಜವಾಗಿ ಆಗಬೇಕಾದ ಕೆಲಸವಿದು.

ಇದಕ್ಕಿಂತ ತೊಡಕಿನದು ನೀರು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ವರದಿಯೇ ಹೇಳಿದೆ. ದೌಂಡದಲ್ಲಿ ಕಬ್ಬು ಕುಡಿದ ನೀರು ಕೆಳಗಿನ ಉಜನಿ ಜಲಾಶಯಕ್ಕೆ ಇಳಿಯುವುದಿಲ್ಲ. 2023ರ ಮೇ ತಿಂಗಳಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕುಡಿಯುವ ನೀರಿಗಾಗಿ ಉಜನಿಯಿಂದ ಭೀಮೆಗೆ 3 ಟಿ.ಎಂ.ಸಿ. ಬಿಡಬೇಕೆಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾಯಿತು. ಇಂಗಾಲ ಉಳಿಸಿದ ಪುಣ್ಯ ನಗರದ ಪೆಟ್ರೋಲ್ ಪಂಪಿನಲ್ಲಿ ಜಮೆಯಾಗುತ್ತದೆ. ಖರ್ಚು ಅಫಜಲಪುರದ ಹೆಂಗಸಿನ ಕೊಡದಲ್ಲಿ ಬೀಳುತ್ತದೆ. ಅವಳಿಗೆ ದೌಂಡದಲ್ಲಿ ಮತವಿಲ್ಲ.

ಭೀಮಾತೀರವನ್ನು ಕುರಿತು ನಮ್ಮ ವಿದ್ವಾಂಸರು ಕಡಿಮೆ ಬರೆದಿಲ್ಲ. ಸನ್ನತಿಯ ಶಾಸನಗಳು, ಗಾಣಗಾಪುರ, ಪಂಢರಪುರದ ವಿಠ್ಠಲನ ಕನ್ನಡತನ, ಶಂಬಾ ಜೋಶಿಯವರ ಮರಾಠಿ-ಕನ್ನಡ ಚಿಂತನೆ ಇವೆಲ್ಲ ನಮ್ಮ ಅಧ್ಯಯನದ ಪರಿಧಿಯಲ್ಲಿವೆ. ಆದರೆ ನದಿಯನ್ನು ಸಂಸ್ಕೃತಿಯೆಂದು ಓದಿದ ನಾವು ಅದನ್ನು ನೀರೆಂದು ಓದಲಿಲ್ಲ.

ಸಕ್ಕರೆ ಕಾರ್ಖಾನೆಗಳ ವಾರ್ಷಿಕ ಸಭೆಗಳಲ್ಲಿ ಅರೆದ ಕಬ್ಬು, ತಯಾರಾದ ಎಥನಾಲ್, ಮಾರಿದ ವಿದ್ಯುತ್ತಿನ ಅಂಕಿಗಳ ಪಕ್ಕದಲ್ಲೇ ಒಂದು ಟನ್ ಕಬ್ಬಿಗೆ ಬಳಸಿದ ನೀರಿನ ಅಂಕಿಯೂ ಮಂಡನೆಯಾಗಬೇಕು. ಹನಿ ನೀರಾವರಿ ಅಳವಡಿಸಿದ ಬೆಳೆಗಾರನಿಗೆ ಕಬ್ಬಿನ ದರದಲ್ಲಿಯೇ ಒಂದಿಷ್ಟು ಹೆಚ್ಚಳ ಸಿಗಬೇಕು. ಆ ಲೆಕ್ಕ ಮರಾಠಿಯಲ್ಲಷ್ಟೇ ಅಲ್ಲದೆ ಕನ್ನಡದಲ್ಲಿಯೂ ಸಿದ್ಧವಾಗಿ ಸೊನ್ನ ಬ್ಯಾರೇಜಿನ ಆಸುಪಾಸಿನ ಪಂಚಾಯಿತಿಗಳಿಗೆ ತಲಪಬೇಕು. ಎರಡೂ ಭಾಷೆ ಬಲ್ಲವರು ನಮ್ಮ ಕನ್ನಡ ವಿಭಾಗಗಳಲ್ಲಿ ಇದ್ದಾರೆ.