ನಾಲ್ಕನೆಯವರ ಹೆಸರೂ ಕೂಗಲಿ



ಕೊರೋನಾದಿಂದ ಶಾಲೆ ಮುಚ್ಚಿದ್ದಾಗ ನಾನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. 2021ರ ಆಗಸ್ಟ್ 7ರ ಬೆಳಿಗ್ಗೆ ಎಲ್ಲರೂ ಟಿ.ವಿ. ಮುಂದೆ ಕೂತಿದ್ವಿ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ಗಾಲ್ಫ್ ಆಡುತ್ತಿದ್ದರು. ಅವರ ಬ್ಯಾಗು ಹೊತ್ತವರು ಅವರ ತಾಯಿಯೇ. ಗಾಲ್ಫಿನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದಂತೆ. ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ಅದಿತಿ ನಾಲ್ಕನೆಯವರಾದರು. ‘ಅಯ್ಯೋ, ಹೋಯ್ತು’ ಅಂತ ಮಾವ ಟಿ.ವಿ. ಆರಿಸಿಬಿಟ್ಟರು.

60 ಜನರಲ್ಲಿ ನಾಲ್ಕನೆಯವರಾಗುವುದು ಸೋಲೇ? ಅದಿತಿ ಆಟ ಬಿಡಲಿಲ್ಲ. 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು.

ನಮ್ಮ ಶಾಲೆಯ ಓಟದಲ್ಲೂ ಮೂರೇ ಹೆಸರು ಕೂಗ್ತಾರೆ. ಹೋದ ವರ್ಷ ನಾನು ನಾಲ್ಕನೆಯವಳು. ನನಗೆ ಬಹುಮಾನ ಬೇಡ. ಈ ಸಲ ನಾಲ್ಕನೆಯವರು ಯಾರೇ ಆಗಲಿ, ಹೆಸರು ಕೂಗಿದರೆ ಸಾಕು.

– 7ನೇ ತರಗತಿ ವಿದ್ಯಾರ್ಥಿನಿ